ಚಿಗವ್ವ ಬೇಡವೆಂದ ಹಾಡು

ಹೈದರಾಬಾದಿನ ಹೊರಗಿನ ಪಟಾನ್‌ಚೆರುವಿನ ನಮ್ಮ ಔಷಧಿ ಕಾರ್ಖಾನೆಗೆ ಕಳೆದ ತಿಂಗಳು ಹೊಸದೊಂದು ಕೆಮ್ಮಿನ ಸಿರಪ್ಪಿನ ಕೆಲಸ ಬಂತು. ನಾನಿರುವುದು ಅಲ್ಲಿಯ ಲ್ಯಾಬಿನಲ್ಲಿ. ಹೊರಗಿನಿಂದ ಬಂದ ಕಚ್ಚಾ ಮಾಲು ಸರಿಯಿದೆಯೇ ಎಂದು ಪರೀಕ್ಷೆ ಮಾಡಿ ಒಳಗೆ ಬಿಡುವ ಕೆಲಸ. ಇಷ್ಟು ವರ್ಷ ಕೆಮಿಕಲ್ಲುಗಳ ನಡುವೆ ಕೂತು ಕೂತು ನನ್ನ ಮೂಗು ಹೆಚ್ಚುಕಡಿಮೆ ಸತ್ತೇ ಹೋಗಿದೆ ಎಂದುಕೊಂಡಿದ್ದೆ. ಅವತ್ತು ಒಂದು ಡಬ್ಬಿಯ ಮುಚ್ಚಳ ತೆಗೆದೆ ನೋಡಿ, ಕೈ ಹಾಗೇ ನಿಂತಿತು. ಜೇಷ್ಠಮಧುವಿನ ಪುಡಿ. ಸಿಹಿ ವಾಸನೆ, ಅದರ ಹಿಂದೆ ಒಣ ಕಟ್ಟಿಗೆಯ ವಾಸನೆ, ಅದರ ಹಿಂದೆ... ಅದರ ಹಿಂದೆ ನಮ್ಮ ಚಿಗವ್ವ.

ಬೆಳಿಗ್ಗೆ ಹಾಡಲು ಕೂಡುವ ಮುಂಚೆ ಅವಳು ಒಂದು ಚೂರು ಜೇಷ್ಠಮಧು ದವಡೆಗೆ ಇಟ್ಟುಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕೂತರೆ ಅವಳ ಉಸಿರಿಗೂ ಸೀರೆಯ ಸೆರಗಿಗೂ ಅದೇ ವಾಸನೆ. ಪಕ್ಕದ ಟೇಬಲ್ಲಿನ ಹುಡುಗಿ ‘ಏಮೈಂದಿ ಮೇಡಂ?’ ಎಂದು ಕೇಳಿದಳು. ಏನೂ ಆಗಿಲ್ಲ ಎಂದು ಮುಚ್ಚಳ ಹಾಕಿದೆ. ಆದರೆ ಅಂದು ಮಧ್ಯಾಹ್ನವೆಲ್ಲ ಕೆಲಸ ಸಾಗಲಿಲ್ಲ.

ಚಿಗವ್ವ, ಅಂದರೆ ಚಿಕ್ಕಮ್ಮ, ಎಂದು ಕರೆದರೂ ಅವಳು ರಕ್ತಸಂಬಂಧದವಳಲ್ಲ. ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ನಮ್ಮದೂ ಅವಳದೂ ಒಂದೇ ಗೋಡೆಯ ಮನೆಗಳು. ನಮ್ಮಪ್ಪ ರೈಲ್ವೆ ಆಫೀಸಿನಲ್ಲಿ ಗುಮಾಸ್ತರು. ಅವಳ ಗಂಡ ಗೂಡ್ಸ್ ಗಾಡಿಯ ಗಾರ್ಡು. ಎರಡೂ ಮನೆಯವರು ಗದಗಿನ ಕಡೆಯವರು. ಇಷ್ಟು ಸಾಕಾಗಿತ್ತು, ನಾನು ಅವಳನ್ನು ಚಿಗವ್ವ ಎಂದೂ ಅವಳ ಗಂಡನನ್ನು ಕಾಕಾ ಎಂದೂ ಕರೆಯಲು. ಗಲ್ಲಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ಆ ಎರಡು ಹೊಸ್ತಿಲುಗಳ ಒಳಗೆ ಮಾತ್ರ ನಮ್ಮ ಮಾತು.

ಮದುವೆಗೆ ಮುಂಚೆ ಊರಿನ ಮಠದಲ್ಲಿ ಒಬ್ಬ ಗುರುಗಳ ಹತ್ತಿರ ವರ್ಷಗಟ್ಟಲೆ ಕಲಿತವಳು ಅವಳು. ಮದುವೆಯಾಗಿ ಬಂದ ಮೇಲೆ ಕಾಕಾನ ಬದಲಿಗಳು, ಎರಡು ಹೆಣ್ಣುಮಕ್ಕಳು, ಹಾಸಿಗೆ ಹಿಡಿದ ಅತ್ತೆ. ತವರಿನಿಂದ ತಂದ ತಂಬೂರಿ ಹಳೆಯ ಚಾದರದಲ್ಲಿ ಸುತ್ತಿಕೊಂಡು ಅಲಮಾರಿಯ ಮೇಲೆ ಮಲಗಿಬಿಟ್ಟಿತ್ತು. ಕಿರಿಯ ಮಗಳ ಮದುವೆ ಮಾಡಿ ಕಳಿಸಿದ ಮೇಲೆ ಒಂದು ದಿನ ಸ್ಟೂಲು ಹಾಕಿಕೊಂಡು ತಾನೇ ಅದನ್ನು ಕೆಳಗಿಳಿಸಿದಳು. ಆಗ ಅವಳಿಗೆ ಐವತ್ತರ ಹತ್ತಿರ. ನಾನು ಅದೇ ತಾನೇ ಕಾರ್ಖಾನೆಗೆ ಸೇರಿದ್ದೆ. ತಂತಿಗಳೆಲ್ಲ ತುಕ್ಕು ಹಿಡಿದಿದ್ದವು. ಹೊಸ ತಂತಿ ತಂದುಕೊಟ್ಟವಳು ನಾನೇ. ಆಮೇಲೆ ಅದನ್ನು ಮೀಟುವವಳೂ ನಾನೇ ಆದೆ. ಹಾಡು ಕಲಿಸು ಎಂದು ಕೇಳಿದ್ದಕ್ಕೆ ಅವಳು ನನ್ನಿಂದ ನಾಲ್ಕು ಸಲ ಸಾ ಹೇಳಿಸಿ ನಕ್ಕಿದ್ದಳು. ‘ನಿನ್ನ ದನಿ ಲ್ಯಾಬಿಗೇ ಛಲೋ ಐತಿ ಬಿಡು. ಆದ್ರ ಕೈ ಭಾಳ ಸಮಾಧಾನದ್ದು. ತಂಬೂರಿ ಹಿಡಿ.’

ಅವಳು ಹಾಡುತ್ತಿದ್ದದ್ದು ಹೆಚ್ಚಾಗಿ ವಚನಗಳನ್ನು, ತತ್ವಪದಗಳನ್ನು. ಅವುಗಳಲ್ಲಿ ಒಂದರ ಬಗ್ಗೆ ಹೇಳಬೇಕು. ಒಬ್ಬ ಶರಣೆ ದೇವರನ್ನು ನೇರವಾಗಿ ಒಂದು ಪ್ರಶ್ನೆ ಕೇಳುವ ವಚನ ಅದು. ಪ್ರಶ್ನೆಯ ಸಾಲು ಮುಗಿದ ಕೂಡಲೇ ಚಿಗವ್ವ ಸುಮ್ಮನಾಗುತ್ತಿದ್ದಳು. ತಬಲದವನಿಗೂ ಕೈ ಎತ್ತಿಬಿಡು ಎಂದು ಮೊದಲೇ ಹೇಳಿರುತ್ತಿದ್ದಳು. ತಂಬೂರಿಯೊಂದೇ ಝೇಂಕರಿಸುತ್ತಿತ್ತು. ಕೇಳುವವರಿಗೆ ಮೊದಲು ಮರೆತಳೇನೋ ಎನ್ನಿಸುವುದು. ಇನ್ನೊಂದಿಷ್ಟು ಹೊತ್ತಿಗೆ ಕತ್ತು ತಾನಾಗಿ ಮೇಲೇಳುವುದು. ಎಲ್ಲರೂ ಏನನ್ನೋ ಕಾಯುತ್ತಿದ್ದಾರೆ ಎಂದು ಖಾತ್ರಿಯಾದ ಮೇಲೆ ಅವಳು ಮುಂದಿನ ಸಾಲು ಎತ್ತಿಕೊಳ್ಳುತ್ತಿದ್ದಳು, ಅದೂ ತೀರ ಕೆಳಗಿನ ಸ್ವರದಲ್ಲಿ. ಯಾಕೆ ಅಷ್ಟು ಹೊತ್ತು ನಿಲ್ಲುತ್ತಿ ಎಂದು ನಾನೊಮ್ಮೆ ಕೇಳಿದ್ದೆ. ಅಕ್ಕಿ ಆರಿಸುತ್ತಾ ಕೂತಿದ್ದವಳು ತಲೆ ಎತ್ತದೆ ಹೇಳಿದಳು: ‘ಒಬ್ಬರನ್ನ ಏನರ ಕೇಳಿದ್ಮ್ಯಾಲ ಅವರು ಹೇಳೂತನಕ ಸುಮ್ಮಕಿರಬೇಕಲ್ಲವಾ. ಕೇಳಿದ ಕೂಡ್ಲೆ ನಾನ ಮಾತಾಡಿದ್ರ ಕೇಳಿದ್ಯಾಕ?’

ಒಂದು ಬಸವಜಯಂತಿಗೆ ಹೈದರಾಬಾದಿನ ಕನ್ನಡದವರೆಲ್ಲ ಒಂದು ಹಾಲ್‌ನಲ್ಲಿ ಸೇರಿದ್ದರು. ಅಲ್ಲಿ ಅವಳು ಹಾಡಿದಳು. ಕಾರ್ಯಕ್ರಮ ಮುಗಿದ ಮೇಲೆ ಬಿಳಿ ಸಫಾರಿ ತೊಟ್ಟ ಒಬ್ಬರು ಬಂದು ಕೈಮುಗಿದರು. ಬೀದರಿನ ಕಡೆಯವರು. ಅಬಿಡ್ಸಿನಲ್ಲಿ ಅವರದು ಭಕ್ತಿಗೀತೆಗಳ ಒಂದು ಸಣ್ಣ ಕ್ಯಾಸೆಟ್ ಕಂಪನಿ, ಮೇಲಿನ ಮಾಳಿಗೆಯಲ್ಲೇ ರೆಕಾರ್ಡಿಂಗ್ ಸ್ಟುಡಿಯೋ. ಅವರ ಕಣ್ಣು ಒದ್ದೆಯಾಗಿತ್ತು. ಇದನ್ನು ಹೇಳಲೇಬೇಕು, ಯಾಕೆಂದರೆ ಆಮೇಲೆ ನಡೆದದ್ದನ್ನು ಕೇಳಿದವರು ಅವರನ್ನು ಬರೀ ವ್ಯಾಪಾರಿ ಎಂದುಕೊಳ್ಳುತ್ತಾರೆ. ಅವರು ಹಾಗಿರಲಿಲ್ಲ. ‘ಅಕ್ಕೋರೆ, ನಮ್ಮವ್ವ ಹಿಂಗೇ ಹಾಡ್ತಿದ್ಲು,’ ಎಂದರು. ‘ಒಂದು ಕ್ಯಾಸೆಟ್ ಮಾಡೋಣ. ನೀವು ಹೆಂಗ ಹಾಡ್ತೀರೋ ಹಂಗೇ.’

ಮೊದಲ ಕ್ಯಾಸೆಟ್ಟು ಹಾಗೆಯೇ ಆಯಿತು. ತಬಲ, ಹಾರ್ಮೋನಿಯಂ, ನನ್ನ ತಂಬೂರಿ. ಆ ಪ್ರಶ್ನೆಯ ವಚನ, ಅದರ ನಡುವಿನ ಮೌನದ ಸಮೇತ, ಎರಡನೇ ಬದಿಯಲ್ಲಿ ಬಂತು. ಹೈದರಾಬಾದಿನ ಕನ್ನಡದ ಮನೆಗಳಲ್ಲಿ ಅದು ಬೆಳಗಿನ ಹೊತ್ತು ಕೇಳತೊಡಗಿತು. ಬೀದರ, ಕಲಬುರಗಿ, ರಾಯಚೂರಿನ ಬಸ್‌ಸ್ಟ್ಯಾಂಡಿನ ಅಂಗಡಿಗಳಿಗೂ ಹೋಯಿತು. ಕಾಕಾ ಡ್ಯೂಟಿಗೆ ಹೋದ ಕಡೆಯಲ್ಲೆಲ್ಲ ಗಾರ್ಡುಗಳಿಗೆ, ಡ್ರೈವರುಗಳಿಗೆ ಒಂದೊಂದು ಹಂಚಿ ಬರುತ್ತಿದ್ದರು. ಗದಗಿನಿಂದ ಅವಳ ಅಣ್ಣ ಫೋನು ಮಾಡಿ, ನಿನ್ನ ದನಿ ಹೋಟೆಲಿನಲ್ಲಿ ಕೇಳಿದೆ, ಚಹಾ ಕುಡಿಯುವುದನ್ನು ಬಿಟ್ಟು ನಿಂತೆ ಎಂದನಂತೆ. ಅಂದು ಚಿಗವ್ವ ಗೋಡೆ ಬಡಿದು ನನ್ನನ್ನು ಕರೆದಳು, ಹೇಳಿದಳು, ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಒಲೆಯ ಕಡೆ ತಿರುಗಿ ನಿಂತಳು. ಅಷ್ಟು ವರ್ಷ ಚಾದರದಲ್ಲಿ ಸುತ್ತಿಟ್ಟದ್ದು ತಂಬೂರಿ ಒಂದೇ ಅಲ್ಲ ಎಂಬುದು ನನಗೆ ಆಗ ಗೊತ್ತಾಯಿತು.

ಎರಡನೇ ಕ್ಯಾಸೆಟ್ಟಿಗೆ ಮಾಲೀಕರೇ ಮನೆಗೆ ಬಂದರು. ಆ ಹೊತ್ತಿಗೆ ಭಕ್ತಿಗೀತೆಗಳ ಬಜಾರೇ ಬೇರೆಯಾಗಿತ್ತು. ಓಡುವ ತಾಳ, ಚಪ್ಪಾಳೆ, ಸಿನಿಮಾದ ಧಾಟಿ... ಆಟೋದಿಂದ ಗಣಪತಿ ಪೆಂಡಾಲಿನವರೆಗೆ ಅದೇ. ಮಾಲೀಕರು ಅದೆಲ್ಲ ಬಿಡಿಸಿ ಹೇಳಲಿಲ್ಲ. ಈ ಸಲ ಸ್ವಲ್ಪ ಜೋರಾಗಿ ಮಾಡೋಣ, ಸಂಗೀತಕ್ಕೆ ಹೊಸ ಹುಡುಗನನ್ನು ಇಟ್ಟಿದ್ದೇನೆ ಎಂದಷ್ಟೇ ಅಂದರು. ಚಿಗವ್ವ ಒಪ್ಪಿದಳು. ಸಂತೋಷದಿಂದಲೇ ಒಪ್ಪಿದಳು. ಕವರಿಗೆ ಬೇಕೆಂದು ಇಳಕಲ್ಲ ಸೀರೆಯುಟ್ಟು ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಂಡಳು. ಗದಗಿಗೆ, ಹುಬ್ಬಳ್ಳಿಗೆ, ಎಲ್ಲ ಬಳಗಕ್ಕೂ ಸುದ್ದಿ ಹೋಯಿತು.

ರೆಕಾರ್ಡಿಂಗಿನ ದಿನ ನಾನು ರಜೆ ಹಾಕಿದ್ದೆ. ತಂಬೂರಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಇಬ್ಬರೂ ಆಟೋದಲ್ಲಿ ಅಬಿಡ್ಸಿಗೆ ಹೋದೆವು. ಚಪ್ಪಲಿ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟರೆ ತಬಲದವನಿಲ್ಲ, ಹಾರ್ಮೋನಿಯಂನವನಿಲ್ಲ. ಗಾಜಿನಾಚೆ ಕೀಬೋರ್ಡಿನ ಮುಂದೆ ಒಬ್ಬ ಹುಡುಗ. ಮರ್ಯಾದಸ್ತ ಹುಡುಗ, ಎದ್ದು ನಿಂತು ನಮಸ್ಕಾರ ಮಾಡಿದ. ಟ್ರ್ಯಾಕ್ ಎಲ್ಲ ತಯಾರಿದೆ, ಹೆಡ್‌ಫೋನ್ ಹಾಕಿಕೊಂಡು ಹಾಡಿದರಾಯಿತು ಎಂದ. ನಾನು ತಂಬೂರಿಯ ಗವಸು ಬಿಚ್ಚತೊಡಗಿದೆ. ‘ಅದು ಬೇಡ ಮೇಡಂ, ಇದರಲ್ಲೇ ಇದೆ,’ ಎಂದು ಒಂದು ಗುಂಡಿ ಒತ್ತಿದ. ತಂಬೂರಿಯಂಥದೇ ಒಂದು ಸದ್ದು ಬಂತು. ಚಿಗವ್ವ ನನ್ನ ಕಡೆ ನೋಡಿದಳು. ನಾನು ಗವಸನ್ನು ಮತ್ತೆ ಕಟ್ಟಿದೆ.

ಮೊದಲ ಹಾಡೇ ಆ ಪ್ರಶ್ನೆಯ ವಚನ. ಮೊದಲ ಕ್ಯಾಸೆಟ್ಟಿನಲ್ಲಿ ಜನಕ್ಕೆ ಹಿಡಿಸಿದ್ದು ಅದೇ ಎಂದು ಮಾಲೀಕರು ಅದನ್ನೇ ಹೊಸದಾಗಿ ಮಾಡಿಸಿದ್ದರು. ಆಗ ಎಲ್ಲರ ಬಾಯಲ್ಲಿದ್ದ ಒಂದು ಸಿನಿಮಾ ಹಾಡಿನ ಧಾಟಿ. ಡೋಲಕ್ಕು ಓಡುತ್ತಿತ್ತು, ಸಾಲು ಸಾಲಿಗೆ ಹಿಂದಿನಿಂದ ಹುಡುಗಿಯರ ಕೋರಸ್ಸು. ಆ ಪ್ರಶ್ನೆಯ ಸಾಲಿನ ಮುಂದೆ ಎಲ್ಲಿ ಅವಳು ಸುಮ್ಮನಾಗುತ್ತಿದ್ದಳೋ ಅಲ್ಲಿ ಕೊಳಲು, ಚಪ್ಪಾಳೆ, ಗಂಟೆ ಎಲ್ಲ ತುಂಬಿದ್ದವು.

ಚಿಗವ್ವ ಅಲ್ಲಿಂದಲೇ ಎದ್ದು ಬಂದಳು ಎಂದು ನಮ್ಮ ಗಲ್ಲಿಯವರು ಈಗಲೂ ಹೇಳುವುದುಂಟು. ಹಾಗಾಗಲಿಲ್ಲ. ಅವಳು ಹಾಡಿದಳು. ಮೊದಲ ಸಲ ತಾಳ ತಪ್ಪಿತು. ಎರಡನೇ ಸಲ ಉಸಿರು ಸಾಲಲಿಲ್ಲ. ಹುಡುಗ ಬೇಸರಪಡದೆ ಮತ್ತೆ ಮತ್ತೆ ಹಾಕಿದ. ಅವಳೂ ಬೇಸರಪಡಲಿಲ್ಲ, ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡು, ಕಾಲಿನಲ್ಲಿ ತಾಳ ಹಾಕಿಕೊಂಡು, ಚಿಕ್ಕ ಹುಡುಗಿಯ ಹಾಗೆ ಪಾಠ ಒಪ್ಪಿಸಿದಳು. ಕೊನೆಗೆ ಒಂದು ಸಲ ಎಲ್ಲ ಕೂಡಿಬಂತು. ಚೆನ್ನಾಗಿಯೇ ಬಂತು. ಮಾಲೀಕರು ಗಾಜಿನಾಚೆ ಕುರ್ಚಿಯಿಂದ ಎದ್ದು, ‘ವಾಹ್ ಅಕ್ಕೋರೆ, ಇದು ಎಲ್ಲಿಗೋ ಹೋಗ್ತದ,’ ಎಂದರು. ಚಹಾ ಬಂತು. ಚಿಗವ್ವ ಲೋಟ ಮುಟ್ಟಲಿಲ್ಲ. ನನಗೊಮ್ಮೆ ಕೇಳಿಸಿರಿ ಎಂದಳು.

ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಇನ್ನೊಮ್ಮೆ ಹಾಕಿಸಿದಳು. ಆಮೇಲೆ ಹೆಡ್‌ಫೋನು ತೆಗೆದು, ತಂತಿಯನ್ನು ನೀಟಾಗಿ ಸುತ್ತಿ ಟೇಬಲ್ಲಿನ ಮೇಲಿಟ್ಟಳು.

‘ಸಾವ್ಕಾರ್ರ, ಇದನ್ನ ಅಳಿಸಿಬಿಡ್ರಿ.’

ಮಾಲೀಕರಿಗೆ ಮೊದಲು ಅರ್ಥವಾಗಲಿಲ್ಲ. ‘ಎಲ್ಲಿ ತಪ್ಪಾಗ್ಯಾದ ಹೇಳ್ರಿ. ಅಷ್ಟೇ ಮತ್ತ ಹಾಡ್ಸೋಣ.’

‘ತಪ್ಪು ಎಲ್ಲೂ ಆಗಿಲ್ರಿ. ಹುಡುಗ ಭಾಳ ಛಲೋ ಮಾಡ್ಯಾನ. ಆದ್ರ ಆ ಶರಣಿ ದೇವರನ್ನ ನಿಂದ್ರಿಸಿ ಕೇಳಾಕತ್ತಾಳ. ಇದರಾಗ ಹಂಗ ಕೇಳವಲ್ದು. ಬಸ್ ತಪ್ಪೀತು ಅಂತ ಓಡಾಕತ್ತಂಗ ಐತಿ.’

ಹುಡುಗ ನಕ್ಕುಬಿಟ್ಟ, ಆಮೇಲೆ ಮಾಲೀಕರ ಮುಖ ನೋಡಿ ತಲೆ ತಗ್ಗಿಸಿದ. ಮಾಲೀಕರು ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತರು. ಸಿಟ್ಟು ಮಾಡಲಿಲ್ಲ, ಬೇಡಿಕೊಳ್ಳುವ ದನಿಯಲ್ಲೇ ಮಾತಾಡಿದರು. ‘ಅಕ್ಕೋರೆ, ನನಗ ತಿಳೀತದ. ನನಗೂ ಮೊದಲಿಂದೇ ಇಷ್ಟ. ಆದ್ರ ಅಂಗಡಿಯವ್ರು ಏನಂತಾರ ಗೊತ್ತದೇನ್ರಿ? ಆ ವಚನದಾಗ ನೀವು ಸುಮ್ಮನಾಗ್ತೀರಲ್ಲ, ಅಲ್ಲಿ ಟೇಪ್ ಖರಾಬ್ ಅದ ಅಂತ ಗಿರಾಕಿಗಳು ವಾಪಸ್ ತಂದು ಕೊಡ್ತಾರಂತ. ಒಂದು ಗಳಿಗಿ ಸುಮ್ಮ ಆದ್ರ ಜನ ಬಟನ್ ಒತ್ತಿ ಮುಂದ ಹೋಗ್ತಾರ. ನಾ ಏನು ಮಾಡ್ಲಿ?’

‘ನೀವು ಏನೂ ಮಾಡಾಕ ಬರೂದಿಲ್ರಿ,’ ಎಂದಳು ಚಿಗವ್ವ. ಆ ಮಾತಿನಲ್ಲಿ ಕೊಂಕಿರಲಿಲ್ಲ. ‘ನಿಮ್ಮ ಕಷ್ಟ ಖರೇನ ಐತಿ. ನನ್ನ ಹೆಸರು ಹಾಕಿ ಇದನ್ನ ಕಳಸಬ್ಯಾಡ್ರಿ ಅಂತೀನಿ, ಅಷ್ಟ.’

ಮಾಲೀಕರು ಒಳಗೆ ಹೋಗಿ ಒಂದು ಕಟ್ಟು ತಂದರು. ಕವರುಗಳು ಅಚ್ಚಾಗಿ ಬಂದುಬಿಟ್ಟಿದ್ದವು. ಇಳಕಲ್ಲ ಸೀರೆ, ಹಣೆಯಲ್ಲಿ ವಿಭೂತಿ, ಕೆಳಗೆ ದೊಡ್ಡ ಅಕ್ಷರದಲ್ಲಿ ಅವಳ ಹೆಸರು. ಒಂದನ್ನು ಬಿಡಿಸಿ ಅವಳ ಕೈಗೆ ಕೊಟ್ಟರು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದಳು. ಈಗ ಒಪ್ಪಿಕೊಳ್ಳುತ್ತಾಳೆ ಎಂದು ನನಗೆ ಅನ್ನಿಸಿತು. ಒಪ್ಪಿಕೊಳ್ಳಲಿ ಎಂದು ಒಳಗೊಳಗೇ ಆಸೆಯೂ ಆಗಿತ್ತು. ‘ಫೋಟೋ ಛಲೋ ಬಂದೈತ್ರಿ,’ ಎಂದು ಅದನ್ನು ವಾಪಸ್ಸು ಕೊಟ್ಟು, ಚಪ್ಪಲಿ ಮೆಟ್ಟಿಕೊಂಡಳು. ನಾವು ಮೆಟ್ಟಿಲು ಇಳಿಯುವ ಮುಂಚೆ ಆ ಹುಡುಗ ಬಾಗಿಲಿಗೆ ಬಂದು, ಅಳಿಸಿದೆ ಮೇಡಂ ಎಂದು ಮೆಲ್ಲಗೆ ಹೇಳಿ ಹೋದ.

ಮತ್ತೆ ಆಟೋ ಹಿಡಿದೆವು. ತಾರ್ನಾಕ ದಾಟಿದ ಮೇಲೆ ಒಮ್ಮೆ ಮಾತ್ರ, ‘ಅಣ್ಣಗ ಏನ ಹೇಳ್ಲಿ?’ ಎಂದಳು.

ಮನೆಯಲ್ಲಿ ಕಾಕಾ ಡ್ಯೂಟಿಯಿಂದ ಬಂದು ಕಾಯುತ್ತಾ ಕೂತಿದ್ದರು, ಪೇಡೆಯ ಪೊಟ್ಟಣ ತಂದಿಟ್ಟುಕೊಂಡು. ವಿಷಯ ಕೇಳಿ ಅವರ ಮುಖ ಸಣ್ಣದಾಯಿತು. ಎಂದೂ ಏರುದನಿಯಲ್ಲಿ ಮಾತಾಡದ ಮನುಷ್ಯ. ಅಂದು ಕೂಡ ಏರಿಸಲಿಲ್ಲ. ‘ಒಂದ ಹಾಡು ಅವರು ಹೇಳಿದಂಗ ಹಾಡಿದ್ರ ಏನ ಹೋಗ್ತಿತ್ತು? ಇಷ್ಟ ವರ್ಷಕ್ಕ ಒಂದ ಬಾಗಲ ತಗದಿತ್ತು,’ ಎಂದರು. ಚಿಗವ್ವ ಅಡುಗೆಮನೆಗೆ ಹೋಗಿ ರೊಟ್ಟಿಗೆ ಎಸರಿಟ್ಟಳು. ನಾನು ತಂಬೂರಿಯನ್ನು ಮೂಲೆಗೆ ಆನಿಸಿ ನಮ್ಮ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಗೋಡೆಯಾಚೆ ಹಾಡಿಲ್ಲ. ಅದರ ಮರುದಿನವೂ ಇಲ್ಲ. ಕಸ ಗುಡಿಸುವ ಸದ್ದು, ಪಾತ್ರೆಯ ಸದ್ದು, ಆಮೇಲೆ ಏನೂ ಇಲ್ಲ. ನಮ್ಮಪ್ಪ ಪೇಪರು ಓದುವುದನ್ನು ನಿಲ್ಲಿಸಿ ಗೋಡೆಯ ಕಡೆ ನೋಡುತ್ತಿದ್ದರು. ಗಟ್ಟಿ ನಿರ್ಧಾರ ಮಾಡಿದವರಿಗೆ ಮನಸ್ಸು ಹಗುರವಾಗುತ್ತದೆ ಎಂದು ನಾವೆಲ್ಲ ನಂಬುತ್ತೇವೆ. ಚಿಗವ್ವನಿಗೆ ಹಗುರವಾಗಲಿಲ್ಲ. ಆ ದಿನಗಳಲ್ಲಿ ಅವಳು ಬಾವಿ ನೀರು ಸೇದಿ ಸುಸ್ತಾದವಳ ಹಾಗೆ ಓಡಾಡುತ್ತಿದ್ದಳು. ಊರಿನವರ ಫೋನು ಬಂದರೆ ಕಾಕಾನ ಕೈಗೆ ಕೊಡುತ್ತಿದ್ದಳು. ತಾನು ಮಾಡಿದ್ದು ಸರಿ ಎಂದು ಒಮ್ಮೆಯಾದರೂ ಅವಳ ಬಾಯಿಂದ ಬರಲಿಲ್ಲ.

ಹಾಗಿರುವಾಗ ಒಂದು ಸಂಜೆ ರೇಣುಕಾ ಬಂದಳು. ಚಿಗವ್ವ ಮನೆಯಲ್ಲಿ ಕಲಿಸುತ್ತಿದ್ದ ನಾಲ್ಕೈದು ಹುಡುಗಿಯರಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದವಳು. ಅವಳಪ್ಪ ಕೆಲಸ ಮಾಡುತ್ತಿದ್ದ ಕೆಮಿಕಲ್ ಫ್ಯಾಕ್ಟರಿ ಮುಚ್ಚಿಹೋಗಿ, ಆ ಮನೆಯಲ್ಲಿ ದುಡಿಯುವವರು ಯಾರೂ ಇರಲಿಲ್ಲ. ನಾನು ಅಲ್ಲೇ ಹೊಸ್ತಿಲಲ್ಲಿ ಮಲ್ಲಿಗೆ ಕಟ್ಟುತ್ತಾ ಕೂತಿದ್ದೆ. ರೇಣುಕಾ ಒಳಗೂ ಬಾರದೆ, ಹೊರಗೂ ನಿಲ್ಲದೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತಳು. ಕ್ಯಾಸೆಟ್ ಕಂಪನಿಯವರು ಅವಳನ್ನು ಕರೆದಿದ್ದರು. ಅದೇ ಟ್ರ್ಯಾಕು, ಅದೇ ಹಾಡುಗಳು.

‘ನೀವು ಒಲ್ಲೆ ಅಂದದ್ದನ್ನ ನಾ ಹೆಂಗ ಹಾಡ್ಲಿ ಅಕ್ಕೋರ? ಹೋಗೂದಿಲ್ಲ ಅಂತ ಹೇಳಾಕ ಬಂದೀನಿ,’ ಎಂದಳು. ಆದರೆ ಹೋಗಬೇಕೆಂಬುದು ಅವಳ ಮುಖದಲ್ಲೇ ಬರೆದಿತ್ತು.

ಚಿಗವ್ವ ಅವಳನ್ನು ಒಳಗೆ ಕರೆದು ಕೂಡಿಸಿದಳು, ನೀರು ಕೊಟ್ಟಳು. ‘ನಾ ಒಲ್ಲೆ ಅಂದದ್ದು ನನಗವ್ವ. ನಿನಗೆಲ್ಲಿ ಅಂದೀನಿ? ನಿನ್ನ ಮನ್ಯಾಗ ಏನೈತಿ ಅಂತ ನನಗ ಗೊತ್ತಿಲ್ಲೇನು?’ ಎಂದಳು. ರೇಣುಕಾ ಇನ್ನೂ ಅಳುತ್ತಿದ್ದಳು. ಚಿಗವ್ವ ಅವಳ ಗಲ್ಲ ಎತ್ತಿ, ‘ಅಳೂದು ಸಾಕು. ಆ ಓಡಾಟದಾಗ ಉಸುರು ಎಲ್ಲಿ ತಗೋತಿ ತೋರ್ಸು. ಅಲ್ಲಿ ನನಗ ಭಾಳ ತ್ರಾಸ ಆತು,’ ಎಂದಳು.

ಅಷ್ಟು ದಿನ ಸುಮ್ಮನಿದ್ದ ಗೋಡೆಯಾಚೆಯಿಂದ ಮರುದಿನ ಬೆಳಿಗ್ಗೆ ಹಾಡು ಕೇಳಿತು. ಅಳಿಸಿಬಿಡಿ ಎಂದು ಅವಳೇ ಹೇಳಿದ್ದ ಆ ಓಡುವ ಹಾಡು. ಹೋಗಿ ನೋಡಿದರೆ ಚಿಗವ್ವ ತೊಡೆಯ ಮೇಲೆ ತಾಳ ಹಾಕುತ್ತಾ ಸಾಲು ಸಾಲಾಗಿ ರೇಣುಕಾಳಿಂದ ಹೇಳಿಸುತ್ತಿದ್ದಳು. ಎಲ್ಲಿ ದನಿ ತಡೆಯಬೇಕು, ಎಲ್ಲಿ ಹೊಟ್ಟೆಯಿಂದ ಉಸಿರು ಎಳೆಯಬೇಕು, ಗಂಟಲಿಗೆ ಪೆಟ್ಟಾಗದಂತೆ ಮೇಲಿನ ಸ್ವರಕ್ಕೆ ಹೇಗೆ ಹೋಗಬೇಕು. ತಾನು ನಂಬದ ಹಾಡನ್ನು ಅವಳು ಎಷ್ಟು ಶ್ರದ್ಧೆಯಿಂದ ಕಲಿಸುತ್ತಿದ್ದಳೆಂದರೆ, ಡ್ಯೂಟಿಗೆ ಹೊರಟಿದ್ದ ಕಾಕಾ ಶೂ ಲೇಸು ಕಟ್ಟುತ್ತಿದ್ದವರು ಹಾಗೆಯೇ ಬಗ್ಗಿ ಕೂತುಬಿಟ್ಟಿದ್ದರು. ಅಂದು ಹೊರಡುವಾಗ ಅವರು ಚಿಗವ್ವನ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟು ಹೋದರು. ಅವರಿಬ್ಬರ ನಡುವೆ ಆ ವಿಷಯದ ಮಾತು ಅಷ್ಟಕ್ಕೆ ಮುಗಿಯಿತೆಂದು ಕಾಣುತ್ತದೆ.

ರೇಣುಕಾಳ ಕ್ಯಾಸೆಟ್ಟು ಮಾಲೀಕರು ಹೇಳಿದ ಹಾಗೆ ಎಲ್ಲಿಗೋ ಹೋಯಿತು. ಅವಳ ಮನೆ ನಿಂತುಕೊಂಡಿತು, ತಂಗಿಯರು ಓದಿದರು. ಕಾಯಿಪಲ್ಲೆ ಅಂಗಡಿಯಲ್ಲಿ ಆ ಹಾಡು ಬರುತ್ತಿದ್ದರೆ ಚಿಗವ್ವ ಬದನೆಕಾಯಿ ಹಿಡಿದುಕೊಂಡು ನಿಂತು ಕೇಳುತ್ತಿದ್ದಳು. ‘ಮೂರನೇ ಸಾಲಿನಾಗ ಅವಸರ ಮಾಡ್ಯಾಳ. ಹೇಳಿದ್ದೆ,’ ಎನ್ನುವಳು. ಅಸೂಯೆಯ ಒಂದು ಎಳೆಯಾದರೂ ಇದೆಯೇ ಎಂದು ನಾನು ಅವಳ ಮುಖವನ್ನು ಕಳ್ಳತನದಿಂದ ನೋಡಿದ್ದುಂಟು. ದುಃಖವಿತ್ತು, ಇಲ್ಲವೆನ್ನಲಾರೆ. ಅಸೂಯೆ ಇರಲಿಲ್ಲ.

ಆ ವರ್ಷವೇ ಅವಳು ಸೋಮವಾರ ಸಂಜೆ ಮನೆಯಲ್ಲಿ ಹಾಡಲು ಶುರುಮಾಡಿದ್ದು. ಯಾರನ್ನೂ ಕರೆಯಲಿಲ್ಲ. ಬಾಗಿಲು ತೆಗೆದಿಟ್ಟು, ಚಾಪೆ ಹಾಸಿ, ನನ್ನ ಕೈಗೆ ತಂಬೂರಿ ಕೊಟ್ಟು ಕೂತಳು. ಮೊದಲು ಬಂದವರು ನಮ್ಮಪ್ಪ, ಅಮ್ಮ. ಆಮೇಲೆ ಗಲ್ಲಿಯ ತುದಿಯ ತೆಲುಗಿನ ಟೀಚರಮ್ಮ, ರಿಟೈರಾದ ಇಬ್ಬರು ಡ್ರೈವರುಗಳು. ಹಿಂದಿನ ರಸ್ತೆಯಿಂದ ಒಬ್ಬ ಉರ್ದು ಮಾಸ್ತರು ಬರುತ್ತಿದ್ದರು. ಶಬ್ದದ ಅರ್ಥ ಗೊತ್ತಾಗುವುದಿಲ್ಲ, ಆದರೆ ಆಕೆ ನಿಲ್ಲುವ ಜಾಗದಲ್ಲಿ ನನಗೂ ಏನೋ ಕೇಳಬೇಕೆನ್ನಿಸುತ್ತದೆ ಎಂದಿದ್ದರು. ಮೈಕಿಲ್ಲ, ಹಾರವಿಲ್ಲ. ರಿಟೈರಾದ ಮೇಲೆ ಕಾಕಾ ತಾವೇ ಮಧ್ಯಾಹ್ನದಿಂದ ಚಾಪೆ ಜಾಡಿಸಿ, ಎಲ್ಲರಿಗೂ ಚಹಾ ಮಾಡುತ್ತಿದ್ದರು. ನಾನು ಪಟಾನ್‌ಚೆರುವಿನಿಂದ ಕಂಪನಿ ಬಸ್ಸಿನಲ್ಲಿ ಬಂದು, ಮುಖ ಕೂಡ ತೊಳೆಯದೆ ತಂಬೂರಿ ಹಿಡಿಯುತ್ತಿದ್ದೆ. ನನ್ನ ಮದುವೆಯಾಗಿ ಎರಡು ಓಣಿ ಆಚೆಗೆ ಹೋದ ಮೇಲೂ ಸೋಮವಾರ ತಪ್ಪಲಿಲ್ಲ.

ಅಷ್ಟರಲ್ಲಿ ಕ್ಯಾಸೆಟ್ಟುಗಳ ಕಾಲವೇ ಮುಗಿಯಿತು. ಒಂದು ಸೋಮವಾರ ಬಾಗಿಲ ಬಳಿ ಯಾರೋ ಹಿಂಜರಿಯುತ್ತಾ ನಿಂತಿದ್ದರು. ನೋಡಿದರೆ ಮಾಲೀಕರು. ಸಫಾರಿ ಸಡಿಲವಾಗಿತ್ತು, ಕೂದಲು ಪೂರ್ತಿ ಬಿಳಿ. ಕಂಪನಿ ಮುಚ್ಚಿ, ಸ್ಟುಡಿಯೋ ಇದ್ದ ಮಾಳಿಗೆಯಲ್ಲಿ ಮೊಬೈಲ್ ಅಂಗಡಿ ಬಂದಿತ್ತು. ಹೆಂಡತಿ ತೀರಿಕೊಂಡು ಆರು ತಿಂಗಳಾಗಿತ್ತಂತೆ. ‘ಬರ್ರಿ ಸಾವ್ಕಾರ್ರ, ಗ್ವಾಡಿಗೆ ಆನಿಕೊಂಡು ಕುಂಡ್ರಿ,’ ಎಂದಳು ಚಿಗವ್ವ, ನಿನ್ನೆ ನೋಡಿದವರಿಗೆ ಹೇಳಿದ ಹಾಗೆ. ಅವರು ಕೂತರು. ಆ ವಚನ ಹಾಡ್ರಿ ಎಂದರು. ಅವಳು ಹಾಡಿದಳು. ಪ್ರಶ್ನೆಯ ಸಾಲು ಮುಗಿಸಿ ಸುಮ್ಮನಾದಳು. ಅಂದು ಅವಳು ನಿಂತಷ್ಟು ಹೊತ್ತು ಬೇರೆ ಯಾವಾಗಲೂ ನಿಂತದ್ದಿಲ್ಲ. ಮಾಲೀಕರು ತಲೆ ತಗ್ಗಿಸಿ ಕೂತಿದ್ದರು, ಅವರ ಭುಜ ಅಲುಗುತ್ತಿತ್ತು. ಆಮೇಲೆ ಅವರು ಪ್ರತಿ ಸೋಮವಾರ ಬಂದರು.

ರೇಣುಕಾಳೂ ಮರಳಿ ಬಂದಳು, ಕೆಲವು ವರ್ಷಗಳ ಮೇಲೆ. ಊರೂರಿನ ಸ್ಟೇಜುಗಳಲ್ಲಿ ಹಾಡಿ ಹಾಡಿ ಗಂಟಲು ಒಡೆದುಹೋಗಿತ್ತು. ಮಾತಾಡಿದರೆ ಗರಗರ ಎನ್ನುವುದು. ಡಾಕ್ಟರು ಆಪರೇಷನ್ ಎಂದಿದ್ದರಂತೆ. ನಾನು ಹೇಳಿರಲಿಲ್ಲವೇ ಎಂದು ಚಿಗವ್ವ ಅನ್ನಬಹುದಿತ್ತು. ಅದರ ಬದಲು ಆಪರೇಷನ್ ಆದ ಮೇಲೆ ಡಾಕ್ಟರರ ಒಪ್ಪಿಗೆ ಕೇಳಿಕೊಂಡು, ದಿನಾ ಬೆಳಿಗ್ಗೆ ಅವಳನ್ನು ಎದುರಿಗೆ ಕೂಡಿಸಿಕೊಂಡು ಬರೀ ಕೆಳಗಿನ ಸಾ ಹಾಡಿಸಿದಳು. ಒಂದೇ ಸ್ವರ, ತಿಂಗಳುಗಟ್ಟಲೆ. ಕೇಳುವ ನಮಗೇ ಸಾಕೆನ್ನಿಸಿತ್ತು, ಅವಳಿಗೆ ಸಾಕೆನ್ನಿಸಲಿಲ್ಲ. ರೇಣುಕಾಳ ದನಿ ಮೊದಲಿನ ಹಾಗೆ ಬರಲಿಲ್ಲ. ಆದರೆ ಬೇರೊಂದು ದನಿ ಬಂತು, ಸ್ವಲ್ಪ ಒರಟು, ಸ್ವಲ್ಪ ಆಳ. ಈಗ ಅವಳು ಮೌಲಾಲಿಯಲ್ಲಿ ಮಕ್ಕಳಿಗೆ ಸಂಗೀತ ಕಲಿಸುತ್ತಾಳೆ.

ಕೊನೆಯ ವರ್ಷ ಚಿಗವ್ವನ ಎದೆ ಬಲಹೀನವಾಗಿತ್ತು. ದಮ್ಮು ಹತ್ತುತ್ತಿತ್ತು. ಹಾಡಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಅವಳು ಅರ್ಧ ಮಾತ್ರ ಕೇಳಿದಳು. ತಂಬೂರಿಯ ಶ್ರುತಿ ಇಳಿಸು ಎಂದು ನನಗೆ ಹೇಳಿದಳು. ಇಳಿಸಿದೆ. ಇನ್ನೊಂದಿಷ್ಟು ದಿನಕ್ಕೆ ಇನ್ನೂ ಇಳಿಸಿದೆ. ಗೋಡೆಗೆ ಒರಗಿ, ಕಾಲು ಚಾಚಿ ಕೂತು, ಎರಡೇ ಹಾಡು ಹಾಡುವಳು. ದನಿ ಬಾಗಿಲಿನಾಚೆ ಹೋಗುತ್ತಿರಲಿಲ್ಲ. ಬಂದವರೆಲ್ಲ ಹತ್ತಿರ ಹತ್ತಿರ ಸರಿದು ಕೂಡುತ್ತಿದ್ದರು. ಒಮ್ಮೆ ನಾನು ಧೈರ್ಯ ಮಾಡಿ ಕೇಳಿದೆ, ಅವತ್ತು ಸ್ಟುಡಿಯೋದಲ್ಲಿ ಒಪ್ಪಿಕೊಂಡಿದ್ದರೆ ಎಂದು ಎಂದಾದರೂ ಅನ್ನಿಸಿದೆಯೇ ಎಂದು. ಅವಳು ಮುಚ್ಚುಮರೆ ಮಾಡಲಿಲ್ಲ. ‘ಅನಸ್ತೈತಿ. ಯಾಕ ಅನಸೂದಿಲ್ಲ? ಊರ ಜನ ಎಲ್ಲಾ ಕೇಳಿದ್ರ ಯಾರಿಗೆ ಬ್ಯಾಡ ಆಕ್ಕೈತಿ,’ ಎಂದಳು. ಸ್ವಲ್ಪ ದಮ್ಮು ತೆಗೆದುಕೊಂಡು, ‘ಆದ್ರ ಆ ವಚನ ನನ್ನ ಹತ್ತರ ಉಳೀತಿರಲಿಲ್ಲ,’ ಎಂದಳು.

ಅವಳು ಹೋದದ್ದು ಒಂದು ಗುರುವಾರ ಮಧ್ಯಾಹ್ನ, ಆಸ್ಪತ್ರೆಯಲ್ಲಿ. ಮುಂದಿನ ಸೋಮವಾರ ಸಂಜೆ ಯಾರೂ ಹೇಳದೆ ಎಲ್ಲರೂ ಬಂದರು. ಉರ್ದು ಮಾಸ್ತರು, ಟೀಚರಮ್ಮ, ಮಾಲೀಕರು, ರೇಣುಕಾ. ಕಾಕಾ ರೂಢಿಯಂತೆ ಚಾಪೆ ಹಾಸಿದರು. ರೇಣುಕಾಳನ್ನು ಹಾಡು ಎಂದು ಯಾರೋ ಕೇಳಿದರು. ಅವಳು ಆಗದೆಂದು ತಲೆಯಾಡಿಸಿದಳು. ನಾನು ತಂಬೂರಿಯನ್ನು ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಕೂತು, ಚಹಾ ಕುಡಿದು, ಲೋಟಗಳನ್ನು ಮೂಲೆಯಲ್ಲಿಟ್ಟು ಒಬ್ಬೊಬ್ಬರಾಗಿ ಎದ್ದು ಹೋದರು. ಅದೇ ಕೊನೆಯ ಸೋಮವಾರ. ಕಾಕಾ ಆಮೇಲೆ ಹಿರಿಯ ಮಗಳ ಮನೆಗೆ, ಹುಬ್ಬಳ್ಳಿಗೆ ಹೋದರು. ಮೊಮ್ಮಗನ ಸ್ಕೂಲಿನ ಗಲಾಟೆಯಲ್ಲಿ ಆರಾಮಾಗಿದ್ದಾರೆ ಎಂದು ಕೇಳುತ್ತೇನೆ. ತಂಬೂರಿ ರೇಣುಕಾಳ ಹತ್ತಿರವಿದೆ. ಎರಡೂ ಮನೆ ಕೆಡವಿ ಅಲ್ಲಿ ಈಗ ಅಪಾರ್ಟ್‌ಮೆಂಟು ಎದ್ದಿದೆ. ನಮ್ಮ ನಡುವಿನ ಆ ಗೋಡೆ ಎಲ್ಲಿತ್ತೆಂದು ನಿಂತು ಗುರುತು ಹಚ್ಚಲು ಒಮ್ಮೆ ನೋಡಿದೆ, ಆಗಲಿಲ್ಲ.

ಈಗಲೂ ಸೋಮವಾರ ಸಂಜೆ ಪಟಾನ್‌ಚೆರುವಿನಿಂದ ಹೊರಟ ಬಸ್ಸು ಮಿಯಾಪುರದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ, ತಡವಾಯಿತಲ್ಲ ಎಂದು ನನಗೆ ಚಡಪಡಿಕೆಯಾಗುತ್ತದೆ. ಗಡಿಯಾರ ನೋಡಿಕೊಳ್ಳುತ್ತೇನೆ. ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಇಳಿಯಲು ಸಿದ್ಧಳಾಗಿ ಕೂಡುತ್ತೇನೆ. ಎಷ್ಟೋ ಹೊತ್ತಿನ ಮೇಲೆ, ನಾನು ಬರುವುದನ್ನು ಅಲ್ಲಿ ಯಾರೂ ಕಾಯುತ್ತಿಲ್ಲ ಎಂಬುದು ನೆನಪಾಗುತ್ತದೆ... ಬ್ಯಾಗನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ.